ದುಡಿಮೆಯ ಮೊದಲ ವರ್ಷಗಳಲ್ಲಿ ನಿವೃತ್ತಿಗೆಂದು ಎಷ್ಟು ಎತ್ತಿಡಬೇಕು?

ಪ್ರಶ್ನೆ: ನನಗೆ 25 ವರ್ಷ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ. ಸಂಬಳದಲ್ಲಿ ಶೇ. 12ರಷ್ಟು ಶಿಕ್ಷಣ ಸಾಲದ ಕಂತಿಗೆ ಹೋಗುತ್ತದೆ. ಅದು ತೀರಲು ಇನ್ನೂ ನಾಲ್ಕು ವರ್ಷ ಬೇಕು. ತಂದೆ ತಾಯಿಗೂ ಪ್ರತಿ ತಿಂಗಳು ಸ್ವಲ್ಪ ಹಣ ಕಳುಹಿಸುತ್ತೇನೆ. ನಿವೃತ್ತಿಗೆ ಶೇ. 10 ಉಳಿಸಿದರೆ ಸಾಕು ಎನ್ನುತ್ತಾರೆ ಸಹೋದ್ಯೋಗಿಗಳು. ಶೇ. 30ಕ್ಕಿಂತ ಕಡಿಮೆಯಾದರೆ ಮುಪ್ಪಿನಲ್ಲಿ ಕಷ್ಟ ಎಂದು ಹಿರಿಯ ಸಂಬಂಧಿಯೊಬ್ಬರು ಎಚ್ಚರಿಸುತ್ತಾರೆ. ಆ್ಯಪ್‌ಗಳು ಲೆಕ್ಕ ಹಾಕಿ ತೋರಿಸುವ ಮೊತ್ತವನ್ನು ನೋಡಿದರೆ ಎದೆ ನಡುಗಿ, ಆ ಯೋಚನೆಯನ್ನೇ ಬಿಟ್ಟುಬಿಡುತ್ತೇನೆ. ನಾನು ನಿಜವಾಗಿ ಎಷ್ಟು ಉಳಿಸಬೇಕು? ಮುಂದೆ ಮಗುವಿಗಾಗಿ ಕೆಲವು ವರ್ಷ ಕೆಲಸ ಬಿಡಬೇಕಾಗಿ ಬಂದರೆ ಏನು ಮಾಡಲಿ?

ಉತ್ತರ: ನೇರವಾದ ಉತ್ತರವನ್ನು ಮೊದಲೇ ಕೊಡುತ್ತೇನೆ. ಸಾಲ ತೀರುವವರೆಗೆ ಸಂಪಾದನೆಯ ಶೇ. 8ರಷ್ಟನ್ನು ನಿವೃತ್ತಿಗೆ ಎತ್ತಿಡಿ. ಸಾಲ ತೀರಿದ ತಿಂಗಳಿನಿಂದಲೇ ಕಂತಿನ ಆ ಶೇ. 12ನ್ನೂ ಅದಕ್ಕೆ ಸೇರಿಸಿ ಶೇ. 20 ಮಾಡಿ. ಆದರೆ ಈ ಸಂಖ್ಯೆಗಳು ಎಲ್ಲಿಂದ ಬಂದವು ಎಂಬುದು ನಿಮಗೆ ತಿಳಿದಿರಲೇಬೇಕು. ಇಲ್ಲದಿದ್ದರೆ ನನ್ನ ಶೇ. 20 ಕೂಡ ಸಹೋದ್ಯೋಗಿಗಳ ಶೇ. 10ರ ಹಾಗೆ ಯಾರೋ ಹೇಳಿದ ಮಾತಾಗಿ ಉಳಿಯುತ್ತದೆ, ಮೊದಲ ಅಡಚಣೆಯಲ್ಲೇ ನೀವು ಅದನ್ನು ಕೈಬಿಡುತ್ತೀರಿ.

ಆ್ಯಪ್ ತೋರಿಸುವ ಮೊತ್ತ ಹೆದರಿಸುವುದಕ್ಕೆ ಮುಖ್ಯ ಕಾರಣ, ಅದು 35 ವರ್ಷಗಳ ನಂತರದ ಬೆಲೆಗಳಲ್ಲಿ ಹೇಳಿದ ಮೊತ್ತವಾಗಿರುವುದು. ಹಣದುಬ್ಬರ ವರ್ಷಕ್ಕೆ ಶೇ. 6 ಇದ್ದರೆ ಬೆಲೆಗಳು ಸುಮಾರು 12 ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತವೆ, 35 ವರ್ಷಗಳಲ್ಲಿ ಏಳೂವರೆ ಪಟ್ಟಿಗಿಂತ ಹೆಚ್ಚಾಗುತ್ತವೆ. ಅಂದಿನ ಬೆಲೆಯ ಮೊತ್ತವನ್ನು ಇಂದಿನ ಸಂಬಳದ ಎದುರು ಇಟ್ಟು ನೋಡಿದರೆ ಯಾರಿಗಾದರೂ ಕೈಕಾಲು ಆಡದಂತಾಗುತ್ತದೆ. ಆದ್ದರಿಂದ ಲೆಕ್ಕವನ್ನೆಲ್ಲ ಇಂದಿನ ಬೆಲೆಯಲ್ಲೇ ಮಾಡಿ, ಹೂಡಿಕೆಯ ಗಳಿಕೆಯಿಂದ ಹಣದುಬ್ಬರವನ್ನು ಕಳೆದು ಉಳಿಯುವ ನಿಜ ಗಳಿಕೆಯನ್ನು ಮಾತ್ರ ಪರಿಗಣಿಸಿ. ಹೂಡಿಕೆ ಶೇ. 8 ಬೆಳೆದು ಬೆಲೆಗಳು ಶೇ. 5 ಏರಿದರೆ ನಿಮ್ಮ ನಿಜವಾದ ಗಳಿಕೆ ಶೇ. 3ಕ್ಕಿಂತ ತುಸು ಕಡಿಮೆ. ಕೆಳಗಿನ ಎಲ್ಲ ಲೆಕ್ಕಗಳಿಗೂ ನಾನು ಆ ಶೇ. 3ನ್ನೇ ಹಿಡಿದಿದ್ದೇನೆ. ಹೆಚ್ಚು ಸಿಕ್ಕರೆ ಸಂತೋಷ; ಹೆಚ್ಚು ಸಿಕ್ಕೇ ಸಿಗುತ್ತದೆ ಎಂದು ನಂಬಿ ಕಡಿಮೆ ಉಳಿಸುವುದು ಮಾತ್ರ ತರುಣರು ಮಾಡಬಾರದ ಕೆಲಸ.

ಈಗ ನಿಮ್ಮ ವರ್ಷದ ಸಂಪಾದನೆಯನ್ನು 100 ಎಂದುಕೊಳ್ಳಿ. ನಿವೃತ್ತಿಯ ನಂತರ ಸಾಲದ ಕಂತು ಇರುವುದಿಲ್ಲ, ಉಳಿತಾಯಕ್ಕೆಂದು ತೆಗೆದಿಡಬೇಕಾಗಿಲ್ಲ, ಕೆಲಸಕ್ಕೆ ಹೋಗಿಬರುವ ವೆಚ್ಚವೂ ಇಲ್ಲ. ವೈದ್ಯಕೀಯ ವೆಚ್ಚ ಮಾತ್ರ ಏರುತ್ತದೆ. ಇವೆಲ್ಲ ಸೇರಿ ವರ್ಷಕ್ಕೆ 60 ಬೇಕಾದೀತು ಎಂದಿಟ್ಟುಕೊಳ್ಳೋಣ. ಅದರಲ್ಲಿ 20 ಯಾವುದಾದರೂ ಪಿಂಚಣಿಯಿಂದ ಬರುವುದಾದರೆ ಉಳಿದ 40ನ್ನು ನಿಮ್ಮ ಇಡುಗಂಟು ಕೊಡಬೇಕು. ವರ್ಷದ ಕೊರತೆಯ 25 ಪಟ್ಟು, ಅಂದರೆ 1,000, ನಿಮ್ಮ ಗುರಿ. ಇದು ಹತ್ತು ವರ್ಷದ ಸಂಪಾದನೆಗೆ ಸಮ.

ಈ 25 ಪಟ್ಟಿನ ಹಿಂದೆ ಒಂದು ಅಧ್ಯಯನವಿದೆ. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಅವರು 1994ರಲ್ಲಿ, ತಮ್ಮ ದೇಶದ ಷೇರು ಮತ್ತು ಬಾಂಡ್‌ಗಳ 1926ರಿಂದ ಈಚಿನ ಗಳಿಕೆಯನ್ನು ಪರಿಶೀಲಿಸಿ, ನಿವೃತ್ತಿಯ ಮೊದಲ ವರ್ಷ ಇಡುಗಂಟಿನ ಶೇ. 4ನ್ನು ತೆಗೆದು, ನಂತರ ಆ ಮೊತ್ತವನ್ನು ಪ್ರತಿ ವರ್ಷ ಹಣದುಬ್ಬರಕ್ಕೆ ತಕ್ಕಂತೆ ಏರಿಸುತ್ತ ಹೋದರೂ ಹಣ ಕನಿಷ್ಠ 30 ವರ್ಷ ಬಾಳುತ್ತಿತ್ತು ಎಂದು ತೋರಿಸಿದರು. ಶೇ. 4 ಎಂದರೆ ಇಪ್ಪತ್ತೈದನೆಯ ಒಂದು ಭಾಗ. ಇದು ಒಂದು ದೇಶದ, ಒಂದು ಕಾಲದ ಅನುಭವ ಎಂಬುದನ್ನು ಮರೆಯಬಾರದು. 60ಕ್ಕಿಂತ ಮೊದಲೇ ನಿವೃತ್ತಿಯಾಗುವವರು 28ರಿಂದ 30 ಪಟ್ಟು ಹಿಡಿಯುವುದು ಲೇಸು. ಆದರೂ 25ರ ಹರೆಯದಲ್ಲಿ ಗುರಿಯ ದಿಕ್ಕು ತಿಳಿಯಲು ಇದಕ್ಕಿಂತ ಸರಳವಾದ ಅಳತೆ ನನಗೆ ಕಂಡಿಲ್ಲ.

ಆ 1,000ವನ್ನು ಮುಟ್ಟಲು 25ನೇ ವಯಸ್ಸಿನಿಂದ 60ರವರೆಗೆ ಪ್ರತಿ ವರ್ಷ 16.5 ಉಳಿಸಬೇಕು. 35ರಲ್ಲಿ ಆರಂಭಿಸಿದರೆ 27 ಬೇಕು. 45ರಲ್ಲಿ ಆರಂಭಿಸಿದರೆ 54, ಅಂದರೆ ಸಂಪಾದನೆಯ ಅರ್ಧಕ್ಕಿಂತ ಹೆಚ್ಚು. ಸಂಸಾರ ನಡೆಸುವವರಿಗೆ ಅದು ಬಹುಮಟ್ಟಿಗೆ ಅಸಾಧ್ಯ. ಇದೇ ಲೆಕ್ಕದಲ್ಲಿ ನೀವು ಕೇಳಿದ ಎರಡು ಮಾತುಗಳನ್ನೂ ತೂಗಿ ನೋಡಬಹುದು. 35 ವರ್ಷ ಶೇ. 10 ಉಳಿಸಿದರೆ ಸಿಗುವ ಇಡುಗಂಟು ವರ್ಷಕ್ಕೆ 24 ಕೊಡುತ್ತದೆ. ಪಿಂಚಣಿಯ 20 ಸೇರಿ 44. ಅಷ್ಟರಲ್ಲಿ ಬದುಕಬಲ್ಲೆ ಎನ್ನುವವರಿಗೆ ಶೇ. 10 ಸಾಕು. ಪಿಂಚಣಿಯೇ ಇಲ್ಲದೆ 60 ಬೇಕು ಎನ್ನುವವರು ಈಗಿನಿಂದಲೇ ಶೇ. 25 ಉಳಿಸಬೇಕಾಗುತ್ತದೆ. ಹಾಗಾಗಿ ನಿಮ್ಮ ಹಿರಿಯರ ಎಚ್ಚರಿಕೆಯನ್ನು ಅತಿಶಯೋಕ್ತಿ ಎಂದು ತಳ್ಳಿಹಾಕುವಂತಿಲ್ಲ. ಉಳಿತಾಯ ಎರಡು ಕಡೆಯಿಂದ ನೆರವಾಗುತ್ತದೆ ಎಂಬುದನ್ನೂ ಗಮನಿಸಿ: ಹೆಚ್ಚು ಉಳಿಸುವವರ ಇಡುಗಂಟು ಬೆಳೆಯುವುದರ ಜೊತೆಗೆ, ಕಡಿಮೆಯಲ್ಲಿ ಬದುಕುವ ರೂಢಿಯಿಂದಾಗಿ ಅವರಿಗೆ ಬೇಕಾಗುವ ಇಡುಗಂಟೂ ಚಿಕ್ಕದಾಗುತ್ತದೆ. ಗಳಿಕೆಯ ದರ ನಮ್ಮ ಕೈಯಲ್ಲಿಲ್ಲ, ಇದು ಇದೆ.

ಇಲ್ಲಿಯವರೆಗೆ ನಿಮ್ಮ ಸಂಬಳ ಬೆಲೆಗಳ ಜೊತೆಗಷ್ಟೇ ಏರುತ್ತದೆ ಎಂದು ಭಾವಿಸಿದ್ದೆ. ನಿಮ್ಮ ವಯಸ್ಸಿನವರ ಸಂಬಳ ಸಾಮಾನ್ಯವಾಗಿ ಅದಕ್ಕಿಂತ ವೇಗವಾಗಿ ಏರುತ್ತದೆ, ಜೀವನದ ಮಟ್ಟವೂ ಅದರ ಹಿಂದೆಯೇ ಏರುತ್ತದೆ. ಸಂಬಳ ಹಣದುಬ್ಬರಕ್ಕಿಂತ ವರ್ಷಕ್ಕೆ ಶೇ. 1.5 ಹೆಚ್ಚಾಗಿ ಬೆಳೆದು, ಕೊನೆಯ ಸಂಬಳಕ್ಕೆ ತಕ್ಕ ಜೀವನವನ್ನೇ ನಿವೃತ್ತಿಯಲ್ಲೂ ಬಯಸಿದರೆ, 16.5 ಸಾಲದೆ ಸುಮಾರು 22 ಬೇಕಾಗುತ್ತದೆ, ಏಕೆಂದರೆ ಆರಂಭದ ವರ್ಷಗಳ ಚಿಕ್ಕ ಸಂಬಳದಿಂದ ಉಳಿಸಿದ ಹಣ ಕೊನೆಯ ದೊಡ್ಡ ಖರ್ಚಿನ ಎದುರು ಸಣ್ಣದಾಗಿ ಕಾಣುತ್ತದೆ. ಇದಕ್ಕೆ ಪರಿಹಾರವೆಂದರೆ ಪ್ರತಿ ಸಂಬಳ ಏರಿಕೆಯ ಒಂದು ಪಾಲನ್ನು, ಸಾಧ್ಯವಾದರೆ ಅರ್ಧವನ್ನು, ಅದು ಕೈಗೆ ಬರುವ ಮೊದಲೇ ಉಳಿತಾಯಕ್ಕೆ ತಿರುಗಿಸುವುದು. ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಸಿ ಎಂಬ ಅರ್ಥಶಾಸ್ತ್ರಜ್ಞರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದಿನ ಏರಿಕೆಗಳಿಂದ ಇಷ್ಟು ಉಳಿಸುತ್ತೇವೆ ಎಂದು ಮೊದಲೇ ಒಪ್ಪಿಕೊಂಡ ನೌಕರರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ ಶೇ. 13.6ಕ್ಕೆ ಏರಿತ್ತು. ಅವರು ಯಾರೂ ಇದ್ದ ಖರ್ಚನ್ನು ಕಡಿದುಕೊಳ್ಳಬೇಕಾಗಿರಲಿಲ್ಲ. ಇನ್ನೂ ಶುರುವಾಗದ ಖರ್ಚಿಗೆ ಹೋಗಬಹುದಾಗಿದ್ದ ಹಣವಷ್ಟೇ ಉಳಿತಾಯಕ್ಕೆ ಸೇರಿತು.

ಇನ್ನು ನಿಮ್ಮ ಸಾಲ. ಅದರ ಬಡ್ಡಿ ಹೂಡಿಕೆಯಿಂದ ನಿರೀಕ್ಷಿಸಬಹುದಾದ ಗಳಿಕೆಗಿಂತ ಹೆಚ್ಚಾಗಿದ್ದರೆ ಕೈಯಲ್ಲಿ ಮಿಕ್ಕ ಹಣವನ್ನು ಸಾಲಕ್ಕೇ ಕಟ್ಟಿ, ಏಕೆಂದರೆ ತೀರಿಸಿದ ಸಾಲದ ಬಡ್ಡಿ ಖಚಿತವಾಗಿ ಉಳಿಯುವ ಹಣ. ಆದರೆ ನಿವೃತ್ತಿಯ ಉಳಿತಾಯವನ್ನು ಪೂರ್ತಿ ನಿಲ್ಲಿಸಬೇಡಿ. ವಿಶೇಷವಾಗಿ, ನೀವು ಹಾಕಿದಷ್ಟಕ್ಕೆ ತಕ್ಕಂತೆ ಉದ್ಯೋಗದಾತರೂ ತಮ್ಮ ಪಾಲು ಸೇರಿಸುವ ನಿಧಿಯಿದ್ದರೆ ಆ ಪಾಲು ಪೂರ್ತಿಯಾಗಿ ಸಿಗುವಷ್ಟನ್ನು ಮೊದಲು ಹಾಕಿ. ಹಾಗೆ ಸಂಬಳದಿಂದ ಕಡಿತವಾಗುವ ಹಣ ಮತ್ತು ಉದ್ಯೋಗದಾತರ ಪಾಲು ಎರಡೂ ನಾನು ಹೇಳಿದ ಶೇ. 8ರೊಳಗೆ ಲೆಕ್ಕಕ್ಕೆ ಬರುತ್ತವೆ. ಸಂಬಳದ ಚೀಟಿಯನ್ನು ಒಮ್ಮೆ ಬಿಡಿಸಿ ನೋಡಿ. ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚು ಈಗಾಗಲೇ ಉಳಿಯುತ್ತಿರಬಹುದು. ಮೂರರಿಂದ ಆರು ತಿಂಗಳ ಖರ್ಚಿನಷ್ಟು ತುರ್ತು ನಿಧಿ ಬೇರೆಯೇ ಇರಲಿ. ಹೆತ್ತವರಿಗೆ ಕಳುಹಿಸುವ ಹಣವನ್ನು ಕಡಿಮೆ ಮಾಡಿ ಎಂದು ನಾನು ಹೇಳುವುದಿಲ್ಲ. ಅದು ನಿಮ್ಮ ಖರ್ಚಿನ ಗೌರವಯುತವಾದ ಭಾಗ. ಅದನ್ನು ಸೇರಿಸಿಕೊಂಡೇ ಶೇ. 8ರಿಂದ ಆರಂಭಿಸಲು ಹೇಳಿದ್ದೇನೆ.

ಕೆಲಸದಿಂದ ಬಿಡುವು ತೆಗೆದುಕೊಳ್ಳುವ ಬಗ್ಗೆ ನೀವು ಕೇಳಿದ್ದು ಬಹಳ ಮುಖ್ಯವಾದ ಪ್ರಶ್ನೆ. ನಾಲ್ಕು ವರ್ಷ ಶೇ. 8, ನಂತರ 60ರವರೆಗೆ ಶೇ. 20 ಉಳಿಸಿದರೆ ನಿಮ್ಮ ಇಡುಗಂಟು ಸುಮಾರು 1,084 ಆಗುತ್ತದೆ, ಗುರಿಗಿಂತ ಸ್ವಲ್ಪ ಹೆಚ್ಚು. ನಡುವೆ 30ರಿಂದ 35ರವರೆಗೆ ಏನೂ ಉಳಿಸಲಾಗದಿದ್ದರೆ ಅದು ಸುಮಾರು 861ಕ್ಕೆ ಇಳಿಯುತ್ತದೆ. ಮರಳಿ ಕೆಲಸಕ್ಕೆ ಸೇರಿದ ಮೇಲೆ ಶೇ. 20ರ ಬದಲು ಶೇ. 24 ಉಳಿಸಿದರೆ ಕೊರತೆ ತುಂಬುತ್ತದೆ. ಆದರೆ ಮಗುವನ್ನು ನೋಡಿಕೊಳ್ಳುವುದು ಇಬ್ಬರ ಹೊಣೆಯಾದ್ದರಿಂದ ಆ ಕೊರತೆಯನ್ನು ಒಬ್ಬರೇ ಹೊರುವುದು ನ್ಯಾಯವಲ್ಲ. ಮನೆಯಲ್ಲಿದ್ದವರ ಹೆಸರಿನ ನಿವೃತ್ತಿ ಖಾತೆಗೆ ದುಡಿಯುತ್ತಿರುವ ಸಂಗಾತಿ ಆ ವರ್ಷಗಳಲ್ಲಿ ಹಣ ತುಂಬಬೇಕು ಎಂಬುದನ್ನು ಬಿಡುವಿಗೆ ಮೊದಲೇ ಮಾತಾಡಿ ನಿಶ್ಚಯಿಸಿಕೊಳ್ಳಿ. ಮಹಿಳೆಯರು ಸರಾಸರಿಯಾಗಿ ಪುರುಷರಿಗಿಂತ ಹೆಚ್ಚು ಕಾಲ ಬದುಕುತ್ತಾರೆ, ಹೀಗಾಗಿ ಅವರ ಇಡುಗಂಟು ಹೆಚ್ಚು ವರ್ಷ ಬಾಳಬೇಕಾಗುತ್ತದೆ.

ಉಳಿಸಿದ ಹಣ ಸೋರಿಹೋಗುವ ದಾರಿಗಳು ಮುಖ್ಯವಾಗಿ ಎರಡು. ಒಂದು ಹೂಡಿಕೆಯ ನಿರ್ವಹಣಾ ಶುಲ್ಕ: ವರ್ಷಕ್ಕೆ ಕೇವಲ ಶೇ. 1ರಷ್ಟು ಹೆಚ್ಚು ಶುಲ್ಕ ತೆತ್ತರೆ ನಿಜ ಗಳಿಕೆ ಶೇ. 3ರಿಂದ 2ಕ್ಕೆ ಇಳಿದು, 35 ವರ್ಷಗಳ ಕೊನೆಯಲ್ಲಿ ಇಡುಗಂಟು ಶೇ. 17ರಷ್ಟು ಚಿಕ್ಕದಾಗುತ್ತದೆ. ನಿಮ್ಮ ವಯಸ್ಸಿನಲ್ಲಿ ಷೇರುಗಳ ಪಾಲು ಹೆಚ್ಚಾಗಿರುವ, ಶುಲ್ಕ ಕಡಿಮೆಯಿರುವ ಸೂಚ್ಯಂಕ ನಿಧಿಗಳು (ಮಾರುಕಟ್ಟೆಯ ಸೂಚ್ಯಂಕದಲ್ಲಿರುವುದನ್ನೇ ಅದೇ ಪ್ರಮಾಣದಲ್ಲಿ ಕೊಳ್ಳುವ ನಿಧಿಗಳು) ಸೂಕ್ತ. ಉಳಿತಾಯ ಖಾತೆಯಲ್ಲೇ ಬಿಟ್ಟ ಹಣ ಹಣದುಬ್ಬರವನ್ನು ದಾಟುವುದು ಅಪರೂಪ. ಇನ್ನೊಂದು, ಕೆಲಸ ಬದಲಿಸುವಾಗ ಹಳೆಯ ನಿಧಿಯನ್ನು ಹಿಂತೆಗೆದು ಖರ್ಚು ಮಾಡುವುದು. 25ರಿಂದ 28ರವರೆಗೆ ವರ್ಷಕ್ಕೆ 15ರಂತೆ ಉಳಿಸಿದ ಹಣ ಆಗ 46ರಷ್ಟೇ ಇರುವುದರಿಂದ ಅಷ್ಟೇನೂ ದೊಡ್ಡದೆನಿಸುವುದಿಲ್ಲ. ಮುಟ್ಟದೆ ಬಿಟ್ಟರೆ 60ರ ಹೊತ್ತಿಗೆ ಅದು ಸುಮಾರು 120, ಅಂದರೆ ಇಡೀ ಗುರಿಯ ಎಂಟನೆಯ ಒಂದು ಭಾಗ. ಹೊಸ ಕೆಲಸಕ್ಕೆ ಸೇರುವಾಗ ಆ ನಿಧಿಯನ್ನು ವರ್ಗಾಯಿಸಿಕೊಳ್ಳಿ.

ವರ್ಷಕ್ಕೊಮ್ಮೆ, ಸಂಬಳ ಪರಿಷ್ಕರಣೆಯಾದ ತಿಂಗಳಲ್ಲಿ, ಇಡುಗಂಟು ಅಂದಿನ ವಾರ್ಷಿಕ ಸಂಬಳದ ಎಷ್ಟು ಪಟ್ಟಿದೆ ಎಂದು ನೋಡಿ. ಮೇಲಿನ ಯೋಜನೆಯಂತೆ, ಬಿಡುವಿಲ್ಲದೆ ನಡೆದರೆ, 30ರಲ್ಲಿ ಅರ್ಧ ವರ್ಷದ ಸಂಬಳ, 40ರಲ್ಲಿ ಮೂರು ವರ್ಷದ್ದು, 50ರಲ್ಲಿ ಆರು ವರ್ಷಕ್ಕಿಂತ ತುಸು ಹೆಚ್ಚು ಇರಬೇಕು. ಒಂದೆರಡು ವರ್ಷ ಹಿಂದೆ ಬಿದ್ದರೆ ಮುಂದಿನ ಏರಿಕೆಯಲ್ಲಿ ಉಳಿತಾಯದ ಪಾಲನ್ನು ಶೇ. 2ರಷ್ಟು ಹೆಚ್ಚಿಸಿ. 50 ದಾಟಿದ ಮೇಲೂ ಕೊರತೆ ಉಳಿದಿದ್ದರೆ ನಿವೃತ್ತಿಯನ್ನು ಎರಡು ವರ್ಷ ಮುಂದೂಡುವ ದಾರಿಯಿದೆ. ಆಗ ಉಳಿತಾಯಕ್ಕೆ ಎರಡು ವರ್ಷ ಹೆಚ್ಚು ಸಿಗುತ್ತದೆ, ಇಡುಗಂಟು ಬಾಳಬೇಕಾದ ಅವಧಿಯೂ ಎರಡು ವರ್ಷ ಕಡಿಮೆಯಾಗುತ್ತದೆ.