ವಿದೇಶದಲ್ಲಿರುವವರು ವಿವಾಹೇತರ ಸಂಬಂಧ ಬಯಲು ಮಾಡುವುದಾಗಿ ಹೆದರಿಸಿ ಹಣ ಕೇಳಿದರೆ ಭಾರತದಲ್ಲಿರುವವರು ಏನು ಮಾಡಬಹುದು?

ಮೊದಲನೆಯದಾಗಿ, ಹಣ ಕೊಡಬೇಡಿ. ಒಮ್ಮೆ ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ, ಬೆಳೆಯುತ್ತದೆ.

ಠಾಣೆಗೆ ಹೋದರೆ ತಮ್ಮ ಮೇಲೆಯೇ ಕೇಸು ಬೀಳುತ್ತದೆಂದು ಅಂಜಿ ಬಹಳಷ್ಟು ಮಂದಿ ಸುಮ್ಮನಿರುತ್ತಾರೆ. ವಿವಾಹೇತರ ಸಂಬಂಧ ಭಾರತದಲ್ಲಿ ಈಗ ಅಪರಾಧವಲ್ಲ; 2018ರಲ್ಲಿ ಸುಪ್ರೀಂ ಕೋರ್ಟ್ ಐಪಿಸಿ 497ನೇ ಸೆಕ್ಷನ್ ಅನ್ನು ರದ್ದುಪಡಿಸಿದೆ. ವಿಚ್ಛೇದನಕ್ಕೆ ಮಾತ್ರ ಅದು ಕಾರಣವಾಗಬಲ್ಲದು. ಆದರೆ ಬೆದರಿಸಿ ಹಣ ಕೀಳುವುದು ಐಪಿಸಿ ಬದಲಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್ ಪ್ರಕಾರ ಸುಲಿಗೆ, ಏಳು ವರ್ಷದವರೆಗೆ ಜೈಲು.

ಆರೋಪಿ ಹೊರದೇಶದಲ್ಲಿದ್ದರೂ ಯಾವ ಠಾಣೆಯಲ್ಲಾದರೂ ಜೀರೋ ಎಫ್‌ಐಆರ್ (ಠಾಣೆಯ ವ್ಯಾಪ್ತಿ ನೋಡದೆ ದಾಖಲಿಸುವ ಎಫ್‌ಐಆರ್) ದಾಖಲಿಸಬಹುದು. ಆತ ಇರುವ ದೇಶದ ಪೊಲೀಸರಿಗೂ ದೂರು ಕೊಡಿ; ಬಂಧನ ಬೇಗ ಆಗುವುದಿದ್ದರೆ ಅಲ್ಲಿಂದಲೇ.

ಚಾಟ್ ಅಳಿಸಬೇಡಿ. ಸ್ಕ್ರೀನ್‌ಶಾಟ್‌ನಲ್ಲಿ ದಿನಾಂಕ, ಪ್ರೊಫೈಲ್ ಲಿಂಕ್, ಖಾತೆ ಸಂಖ್ಯೆ ಕಾಣುವಂತಿರಲಿ. ಆಮೇಲೆ ಬ್ಲಾಕ್ ಮಾಡಿ.