ಅಮೆರಿಕದಲ್ಲಿ ಜೌಗು ಪ್ರದೇಶದ ಗಿಡಗಳ ಸರ್ಕಾರಿ ಪಟ್ಟಿಯನ್ನು ಹೇಗೆ ಪರಿಷ್ಕರಿಸುತ್ತಾರೆ?

ಅಧಿಕಾರಿಗಳು ಸುಮ್ನೆ ಕೂತು ಬದಲಾಯಿಸುವ ಹಾಗಿಲ್ಲ. ಕರಡನ್ನು ಸರ್ಕಾರಿ ಗೆಜೆಟ್‌ ಆದ ಫೆಡರಲ್ ರಿಜಿಸ್ಟರ್‌ನಲ್ಲಿ ಪ್ರಕಟಿಸಿ ಜನರ ಅಭಿಪ್ರಾಯ ಕೇಳುತ್ತಾರೆ. ಆಮೇಲೆ ಅಂತಿಮ ಪಟ್ಟಿ ಬರುತ್ತದೆ.

1988ರಲ್ಲಿ ಪಟ್ಟಿ ತಂದದ್ದು ಮೀನು ಮತ್ತು ವನ್ಯಜೀವಿ ಇಲಾಖೆ. 2006ರಿಂದ ಅದರ ಹೊಣೆ ಸೇನೆಯ ಎಂಜಿನಿಯರ್‌ಗಳ ದಳದ್ದು. ಇತರ ಮೂರು ಕೇಂದ್ರ ಸಂಸ್ಥೆಗಳೂ ಕೈಜೋಡಿಸುತ್ತವೆ.

ಪಟ್ಟಿಯ ಜೀವಾಳ ಐದು ದರ್ಜೆಗಳು. ಒಂದು ಗಿಡ ಜೌಗಿನಲ್ಲಿ ಎಷ್ಟು ಸಲ ಕಾಣುತ್ತದೆ ಎಂಬುದನ್ನು ಅವು ಹೇಳುತ್ತವೆ. ಜೊಂಡು ಹೆಚ್ಚುಕಡಿಮೆ ಯಾವಾಗಲೂ ಜೌಗಿನಲ್ಲೇ ಬೆಳೆಯುತ್ತದೆ, ಅದು ಮೊದಲ ದರ್ಜೆ. ಕೆಂಪು ಮೇಪಲ್ ಮರ ಒದ್ದೆ ನೆಲದಲ್ಲೂ ಇರುತ್ತದೆ, ಒಣ ನೆಲದಲ್ಲೂ ಇರುತ್ತದೆ. ಹಾಗಾಗಿ ಅದಕ್ಕೆ ನಡುವಿನ ದರ್ಜೆ. ಒಂದೇ ಗಿಡ ಬೇರೆ ಬೇರೆ ಕಡೆ ಬೇರೆ ಥರ ಬೆಳೆಯಬಹುದು ಅಲ್ವಾ? ಅದಕ್ಕೇ ಪ್ರದೇಶವಾರು ದರ್ಜೆ ಕೊಡುತ್ತಾರೆ.

ದರ್ಜೆ ತಪ್ಪು ಅನ್ನಿಸಿದರೆ ಬದಲಾವಣೆ ಕೇಳಬಹುದು. ಆದರೆ ಆ ಗಿಡ ಜೌಗಿನಲ್ಲಿ ಎಷ್ಟು ಸಲ, ಒಣ ನೆಲದಲ್ಲಿ ಎಷ್ಟು ಸಲ ಕಂಡಿತು ಎಂಬ ಮಾಹಿತಿ ಬೇಕು. ಪ್ರಾದೇಶಿಕ ಮತ್ತು ರಾಷ್ಟ್ರೀಯ ತಜ್ಞರ ಸಮಿತಿಗಳು ಅದನ್ನು ನೋಡುತ್ತವೆ. ಸಸ್ಯಶಾಸ್ತ್ರಜ್ಞರು ಒಂದು ಜಾತಿಯನ್ನು ಎರಡಾಗಿ ಒಡೆದಾಗಲೂ ಪಟ್ಟಿ ತಿದ್ದಬೇಕಾಗುತ್ತದೆ.

ಇದು ಬರೀ ಕಾಗದದ ಕೆಲಸ ಅಲ್ಲ. ಒಂದು ಜಾಗದಲ್ಲಿ ಜಾಸ್ತಿ ಹರಡಿರುವ ಗಿಡಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಜಾತಿಗಳು ಮೊದಲ ಮೂರು ದರ್ಜೆಯಲ್ಲಿದ್ದರೆ ಅದು ಜೌಗಿನ ಸಸ್ಯವರ್ಗ. ಆ ನೆಲ ಜೌಗು ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಇದರ ಜೊತೆಗೆ ಮಣ್ಣು, ನೀರಿನ ಗುರುತುಗಳನ್ನೂ ನೋಡುತ್ತಾರೆ. ನಡುವಿನ ದರ್ಜೆಯ ಒಂದು ಗಿಡ ಒಂದೇ ಮೆಟ್ಟಿಲು ಕೆಳಗಿಳಿದರೂ ಲೆಕ್ಕ ತಿರುಗಿಬೀಳಬಹುದು. ಕಾನೂನಿನ ರಕ್ಷಣೆಯಲ್ಲಿದ್ದ ಜೌಗು ನೆಲ ಅದರಿಂದ ಹೊರಗೆ ಬೀಳಬಹುದು.