ಕಾಲಿಗೆ ಹಾರುವ ಹುಂಜ: ಶ್ರೀಮಂಗಲದ ಓದುಗರಿಗೆ ಸಂಪಾದಕರ ಉತ್ತರ

ಪತ್ರದ ಸಾರ: ಕೊಡಗಿನ ಶ್ರೀಮಂಗಲದ ಬಳಿಯ ಕಾಫಿ ತೋಟದ ಮನೆ. ಏಳು ಹೇಟೆ, ಒಂದು ಹುಂಜ. ತಾಯಿಕೋಳಿಯನ್ನು ಮುಂಗುಸಿ ಹಿಡಿದ ಮೇಲೆ ಉಳಿದ ಒಂದೇ ಪಿಳ್ಳೆಯನ್ನು ಆರು ವರ್ಷದ ಮಗಳು ಒಲೆಯ ಪಕ್ಕದಲ್ಲಿಟ್ಟು ಸಾಕಿದಳು. ಈಗ ಅದಕ್ಕೆ ಏಳು ತಿಂಗಳು. ನಾವು ಬೆನ್ನು ತಿರುಗಿಸಿದರೆ ಸಾಕು, ಕಾಲಿಗೆ ಹಾರುತ್ತದೆ. ಕಳೆದ ವಾರ ಮಗಳ ಮೀನಖಂಡವನ್ನು ಗೀರಿ ರಕ್ತ ಬರಿಸಿತು. ಕೈಲ್‌ಪೊಳ್ದ್‌ಗೆ (ಕೊಡವರ ಆಯುಧಪೂಜೆಯ ಹಬ್ಬಕ್ಕೆ) ಸಾರು ಮಾಡಿಬಿಡೋಣ ಎನ್ನುತ್ತಾರೆ ಅತ್ತೆ. ಮಗಳು ಅಳುತ್ತಾಳೆ. ‘ಇಷ್ಟು ಪ್ರೀತಿಯಿಂದ ಸಾಕಿದ್ದಕ್ಕೆ ಹೀಗೇಕೆ ಮಾಡುತ್ತಿದೆ? ತಿದ್ದಬಹುದೇ, ಕೊಯ್ಯಬೇಕೇ?’

ಪ್ರಿಯ ಸಹೋದರಿ,

ಮೊದಲು ಮಗಳ ಕಾಲು. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದಿರೋ ಇಲ್ಲವೋ ನೀವು ಬರೆದಿಲ್ಲ. ಹುಂಜದ ಉಗುರಿಗೆ ಮಣ್ಣು, ಹಿಕ್ಕೆ ಅಂಟಿಕೊಂಡೇ ಇರುತ್ತದೆ, ಧನುರ್ವಾಯುವಿನ ಭಯ ಅಲ್ಲಿದೆ. ಲಸಿಕೆ ಕಾರ್ಡನ್ನು ಹಿಡಿದುಕೊಂಡು ಮಗುವನ್ನು ಹತ್ತಿರದ ವೈದ್ಯರಿಗೆ ತೋರಿಸಿ. ಚುಚ್ಚುಮದ್ದು ಬೇಕೋ ಬೇಡವೋ ಅವರು ಹೇಳುತ್ತಾರೆ. ಪಕ್ಕದ ಮನೆಯವರು ರೇಬಿಸ್ ಬರುತ್ತದೆಂದು ಹೆದರಿಸಿದ್ದಾರೆ ಎಂದೂ ಬರೆದಿದ್ದೀರಿ. ಆ ರೋಗ ಸಸ್ತನಿಗಳದ್ದು, ಕೋಳಿಯಿಂದ ಬರುವುದಿಲ್ಲ. ಆ ಒಂದು ಚಿಂತೆಯನ್ನು ಬಿಟ್ಟುಬಿಡಿ.

ಆದರೆ ಹುಂಜದ ವಿಷಯ ಇತ್ಯರ್ಥವಾಗುವವರೆಗೆ ಮಗಳು ಒಬ್ಬಳೇ ಹಿತ್ತಲಿಗೆ ಹೋಗಕೂಡದು. ಮೊಟ್ಟೆ ಹೆಕ್ಕಲೆಂದು ಅವಳು ಕುಕ್ಕರಗಾಲಿನಲ್ಲಿ ಕುಳಿತರೆ ಅವಳ ಕಣ್ಣು ಹುಂಜ ಹಾರುವ ಎತ್ತರಕ್ಕೆ ಬರುತ್ತದೆ. ಈ ಮಾತಿನಲ್ಲಿ ನಾನು ಸ್ವಲ್ಪವೂ ಸಡಿಲಬಿಡಲಾರೆ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ‘ಇಷ್ಟು ಪ್ರೀತಿಯಿಂದ ಸಾಕಿದ್ದಕ್ಕೆ’ ಎಂಬ ಸಾಲು. ಅದರಲ್ಲಿ ನೋವಿದೆ, ಜೊತೆಗೆ ನಿಮ್ಮ ಪ್ರಶ್ನೆಗೆ ಉತ್ತರವೂ ಇದೆ. ಐದಾರು ತಿಂಗಳು ತುಂಬುತ್ತಿದ್ದಂತೆ ಹುಂಜದ ಮೈಯಲ್ಲಿ ಗಂಡು ಹಾರ್ಮೋನು ಏರುತ್ತದೆ. ಜುಟ್ಟು ಕೆಂಪೇರುತ್ತದೆ, ಕೂಗು ಗಟ್ಟಿಯಾಗುತ್ತದೆ, ಹೇಟೆಗಳನ್ನು ಮೆಟ್ಟಲು ತೊಡಗುತ್ತದೆ. ಆಗ ಅದಕ್ಕೆ ತನ್ನ ಹೇಟೆಗಳ ಬಳಿ ಸುಳಿಯುವ ಪ್ರತಿಯೊಂದು ಹುಂಜವೂ ಎದುರಾಳಿ. ತಾಯಿಯ ರೆಕ್ಕೆಯಡಿ ಬೆಳೆದ ಪಿಳ್ಳೆ ಮನುಷ್ಯರನ್ನು ಬೇರೆ ಜಾತಿಯ ದೊಡ್ಡ ಜೀವಿಗಳೆಂದು ಅರಿತು ದಾರಿ ಬಿಡುತ್ತದೆ. ನಿಮ್ಮದು ಮಡಿಲಿನಲ್ಲಿ ಬೆಳೆದದ್ದು. ಅದು ನಿಮ್ಮನ್ನೂ ಕೋಳಿಗಳ ಲೆಕ್ಕಕ್ಕೆ ಸೇರಿಸಿಕೊಂಡಿದೆ. ನಿಮ್ಮ ತೋಟದಂಚಿನ ಕಾಡಿನಲ್ಲಿ ನಸುಕಿಗೆ ಕೂಗುವ ಕಾಡುಕೋಳಿ ಮನುಷ್ಯರ ಸುಳಿವು ಸಿಕ್ಕಿದೊಡನೆ ಪೊದೆ ಸೇರುತ್ತದೆ. ಅದರ ನೆಂಟನಾದ ಈ ಹುಂಜ ನಿಮ್ಮ ಮೇಲೆ ಹಾರುವುದು ಆ ಹೆದರಿಕೆ ಅಳಿಸಿಹೋಗಿರುವುದರಿಂದ. ಹಳೆಯ ಹುಂಜವನ್ನು ಕಳೆದ ವರ್ಷ ನಾಯಿ ಹಿಡಿಯಿತೆಂದು ಬರೆದಿದ್ದೀರಿ. ಅದು ಬದುಕಿದ್ದರೆ ಈ ಎಳೆಯನಿಗೆ ಹಿಂಡಿನ ಮರ್ಯಾದೆಯನ್ನು ಎರಡು ಕುಕ್ಕಿನಲ್ಲಿ ಕಲಿಸುತ್ತಿತ್ತು. ಮಗಳು ಮಾಡಿದ್ದು ತಪ್ಪಲ್ಲ. ಇದನ್ನು ಅವಳಿಗೆ ದಯವಿಟ್ಟು ಹೇಳಿ.

ಯಜಮಾನರು ಅದನ್ನು ಕಾಲಿನಿಂದ ಒದೆಯುತ್ತಾರೆ, ಪೊರಕೆಯಲ್ಲಿ ಹೊಡೆಯುತ್ತಾರೆ ಎಂದಿದ್ದೀರಿ. ಅದನ್ನು ಇಂದೇ ನಿಲ್ಲಿಸಬೇಕು. ಸೋಮವಾರಪೇಟೆ ಕಡೆಯ ನಮ್ಮ ಅಜ್ಜಿಮನೆಯಲ್ಲಿ ಇಂಥದೇ ಒಂದು ಕೆಂಪು ಹುಂಜವಿತ್ತು. ಹತ್ತು ವರ್ಷದ ನಾನು ಕೋಲು ಹಿಡಿದು ಅದಕ್ಕೆ ಬುದ್ಧಿ ಕಲಿಸಲು ಹೊರಟೆ. ಪ್ರತಿ ಏಟಿಗೂ ಅದು ಇನ್ನಷ್ಟು ಮೇಲೆ ಹಾರಿತು. ಏಟು ಅದಕ್ಕೆ ಶಿಕ್ಷೆಯಾಗಿ ಕಾಣುವುದೇ ಇಲ್ಲ, ಎದುರಾಳಿ ಕಾಳಗಕ್ಕೆ ಒಪ್ಪಿದನೆಂದು ಕಾಣುತ್ತದೆ. ಕೊನೆಗೆ ಅದು ನನ್ನನ್ನು ಬಿಟ್ಟು, ಎಂದೂ ಅದರ ತಂಟೆಗೆ ಹೋಗದ ಅಜ್ಜಿಯ ಕೈ ಹರಿಯಿತು. ಆ ಗಾಯದ ಗುರುತು ಅಜ್ಜಿಯ ಮುಂಗೈಯಲ್ಲಿ ಕೊನೆಯವರೆಗೂ ಇತ್ತು. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಹಾಗಾದರೆ ಮಾಡಬೇಕಾದದ್ದೇನು? ಹುಂಜ ಹಾರುವ ಮುನ್ನ ಸೂಚನೆ ಕೊಡುತ್ತದೆ. ಒಂದು ರೆಕ್ಕೆಯನ್ನು ನೆಲಕ್ಕೆ ಇಳಿಬಿಟ್ಟು ಅಡ್ಡಡ್ಡವಾಗಿ ಸುತ್ತು ಹಾಕುತ್ತದೆ, ಕತ್ತಿನ ಗರಿ ನಿಮಿರಿಸುತ್ತದೆ, ಒಂದೇ ಕಣ್ಣಿನಿಂದ ದಿಟ್ಟಿಸುತ್ತದೆ. ಅದನ್ನು ಕಂಡೊಡನೆ ಓಡಬೇಡಿ, ಹಿಂದೆಯೂ ಸರಿಯಬೇಡಿ. ಕಾಲಿಗೆ ಗಂಬೂಟು, ಕೈಯಲ್ಲಿ ಹಳೆಯ ಮೊರ ಇರಲಿ. ಮೊರವನ್ನು ಗುರಾಣಿಯಂತೆ ನಡುವೆ ಹಿಡಿದು ಅದರ ಕಡೆಗೇ ನಿಧಾನವಾಗಿ ನಡೆಯಿರಿ. ಅದು ತಿರುಗಿ ದೂರ ಹೋಗಿ ನೆಲ ಕೆದಕಲು ತೊಡಗುವವರೆಗೆ ನೀವು ಅಲ್ಲಿಂದ ಕದಲಬಾರದು. ಅರ್ಧಕ್ಕೇ ಬೆನ್ನು ತಿರುಗಿಸಿದರೆ ಗೆದ್ದದ್ದು ಅದೇ.

ಇನ್ನೊಂದು ಕೆಲಸ ರಾತ್ರಿಯದು. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅಡ್ಡಗೋಲಿನ ಮೇಲೆ ಕುಳಿತಿರುವಾಗ ಸದ್ದಿಲ್ಲದೆ ಎತ್ತಿಕೊಳ್ಳಿ. ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಕಂಕುಳಲ್ಲಿ ಇಟ್ಟುಕೊಂಡು, ಕಾಲುಗಳನ್ನು ಬೆರಳ ನಡುವೆ ಹಿಡಿದು, ಹತ್ತು ನಿಮಿಷ ಜಗಲಿಯಲ್ಲಿ ಅಡ್ಡಾಡಿ. ಕೊಸರಾಡುವಾಗ ಕೆಳಗಿಡಬೇಡಿ, ಮೈ ಸಡಿಲವಾದ ಮೇಲಷ್ಟೇ ಇಡಿ. ಕೆಲವರು ಹುಂಜವನ್ನು ನೆಲಕ್ಕೆ ಒತ್ತಿ ಹಿಡಿದು ಸೋಲಿಸಲು ನೋಡುತ್ತಾರೆ. ಅದು ಅಪಾಯ. ಕೋಳಿಗೆ ನಮ್ಮಂತೆ ವಪೆ (ಎದೆ-ಹೊಟ್ಟೆಗಳ ನಡುವೆ ಉಸಿರಾಟ ನಡೆಸುವ ಸ್ನಾಯುಪರದೆ) ಇಲ್ಲ. ಎದೆಯ ಮೂಳೆ ಆಡಿದರಷ್ಟೇ ಅದಕ್ಕೆ ಉಸಿರು. ಎದೆ ಒತ್ತಿದರೆ ಕೈಯಲ್ಲೇ ಸಾಯಬಹುದು. ನುಚ್ಚನ್ನು ಕೈಯಿಂದ ತಿನ್ನಿಸುವುದನ್ನು ಮನೆಯವರೆಲ್ಲರೂ ಬಿಡಿ, ದೂರಕ್ಕೆ ಎರಚಿ. ಒಬ್ಬರು ಮುದ್ದಿಸಿ ಇನ್ನೊಬ್ಬರು ಗದರಿದರೆ ಏನೂ ಸಾಗುವುದಿಲ್ಲ.

ಮಳೆಯ ಸಂಗತಿಯನ್ನೂ ಮರೆಯಬಾರದು. ಈ ಜುಲೈ ಮಳೆಗೆ ಕೋಳಿಗಳು ಇಡೀ ದಿನ ಗೂಡಿನಲ್ಲೋ ಸೌದೆ ಕೊಟ್ಟಿಗೆಯಲ್ಲೋ ಒತ್ತಾಗಿ ನಿಂತಿರುತ್ತವೆ. ಇಕ್ಕಟ್ಟಿನಲ್ಲಿ ಎಳೆ ಹುಂಜದ ಸಿಡುಕು ಹೆಚ್ಚುತ್ತದೆ, ಹೇಟೆಗಳಿಗೆ ಅಡಗಲು ಜಾಗ ಸಿಗುವುದಿಲ್ಲ. ಅವುಗಳ ಬೆನ್ನಿನ ಗರಿ ಉದುರಿದೆಯೇ ನೋಡಿ. ಉದುರಿದ್ದರೆ ಹಗಲು ಕೆಲವು ಗಂಟೆ ಹುಂಜವನ್ನು ಬೇರೆ ಇಡಿ. ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಹೋದ ದಿನವೇ ಅದು ಹೆಚ್ಚು ಹಾರುತ್ತಿದ್ದರೆ, ಪಟಪಟ ಬಡಿಯುವ ಆ ಅಂಚನ್ನು ಅದು ಎದುರಾಳಿಯ ರೆಕ್ಕೆ ಎಂದುಕೊಂಡಿರಬಹುದು. ಕಾಲಿನ ಮುಳ್ಳು ಈ ವಯಸ್ಸಿಗೆ ಇನ್ನೂ ಚಿಕ್ಕದು, ಮುಂದೆ ಬೆಳೆದು ಚೂಪಾಗುತ್ತದೆ. ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಬಹುದು. ಬುಡದಿಂದ ಕತ್ತರಿಸಬೇಡಿ, ಒಳಗೆ ಮೂಳೆ ಇದೆ, ರಕ್ತವಿದೆ.

ಇಷ್ಟಾದರೂ ಎಲ್ಲ ಹುಂಜಗಳೂ ಬಗ್ಗುವುದಿಲ್ಲ. ಕೆಲವು ವರ್ಷ ತುಂಬಿದ ಮೇಲೆ ತಾವಾಗಿ ತಣ್ಣಗಾಗುತ್ತವೆ. ಆದರೆ ಚಿಕ್ಕ ಮಗುವಿರುವ ಮನೆಯಲ್ಲಿ ಅಷ್ಟು ದಿನ ಕಾಯಿರಿ ಎಂದು ನಾನು ಹೇಳಲಾರೆ. ಕೈಲ್‌ಪೊಳ್ದ್‌ಗೆ ಇನ್ನು ಆರು ವಾರವಿದೆ. ಅತ್ತೆಯವರನ್ನು ಆ ಆರು ವಾರ ಕೇಳಿಕೊಳ್ಳಿ. ಅಷ್ಟರಲ್ಲಿ ಅದು ನಿಮಗೆ ದಾರಿ ಬಿಡಲು ಕಲಿತರೆ, ಹೇಟೆಗಳನ್ನು ಕರೆದು ಕಾಳು ತೋರಿಸುವಷ್ಟು ಸಮಾಧಾನಕ್ಕೆ ಬಂದರೆ, ಇಟ್ಟುಕೊಳ್ಳಿ. ಗಿಡುಗ ಕಂಡಾಗ ಒಂದು ಬಗೆ, ನಾಯಿಯೋ ಮುಂಗುಸಿಯೋ ಬಂದಾಗ ಇನ್ನೊಂದು ಬಗೆ ಕೂಗಿ ಎಚ್ಚರಿಸುವ ಹುಂಜ ಕಾಡಂಚಿನ ಹಿತ್ತಲಿಗೆ ದೊಡ್ಡ ಆಸರೆ.

ಕಲಿಯದಿದ್ದರೆ ಅತ್ತೆಯವರ ಮಾತೇ ಸರಿ. ನೂಲ್‌ಪುಟ್ಟಿನ (ಅಕ್ಕಿ ಶಾವಿಗೆಯ) ಜೊತೆ ಕೋಳಿ ಸಾರು ಉಣ್ಣುವ ನಾಡಿನಲ್ಲಿ ಇದರಲ್ಲಿ ನಾಚಿಕೆಪಡುವಂಥದ್ದಿಲ್ಲ. ಹರಿತವಾದ ಕತ್ತಿ, ಪಳಗಿದ ಕೈ, ಒಂದೇ ಏಟು ಇರಲಿ. ಮಗಳಿಗೆ ಸುಳ್ಳು ಹೇಳಬೇಡಿ. ಓಡಿಹೋಯಿತು ಎಂದರೆ ಅವಳು ತಿಂಗಳುಗಟ್ಟಲೆ ತೋಟವೆಲ್ಲ ಹುಡುಕುತ್ತಾಳೆ. ವಿಷಯ ಮುಚ್ಚಿಟ್ಟು ಸಂತೆಯಲ್ಲಿ ಮಾರಬೇಡಿ, ಕೊಳ್ಳುವವರ ಮನೆಯಲ್ಲೂ ಮಕ್ಕಳಿರುತ್ತಾರೆ. ಘಟ್ಟದ ಕೆಳಗಿನವರು ಯಾರೋ ಕೋಳಿ ಅಂಕಕ್ಕೆ ಒಳ್ಳೆಯ ಬೆಲೆ ಕೊಡುತ್ತೇನೆಂದರಂತೆ. ಖಂಡಿತ ಕೊಡಬೇಡಿ. ಪ್ರಾಣಿಗಳನ್ನು ಕಾಳಗಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಕಾನೂನು ಇಲ್ಲದಿದ್ದರೂ, ನಿಮ್ಮ ಮಗಳ ಮಡಿಲಲ್ಲಿ ಮಲಗಿದ್ದ ಜೀವವನ್ನು ಕಾಲಿಗೆ ಚೂಪಾದ ಕತ್ತಿ ಕಟ್ಟಿ ಅಂಕಕ್ಕೆ ಬಿಡುವುದನ್ನು ನನ್ನಿಂದ ನೆನೆಯಲಾಗುವುದಿಲ್ಲ.

ಹುಂಜವಿಲ್ಲದೆಯೂ ಹೇಟೆಗಳು ಮೊಟ್ಟೆ ಇಡುತ್ತವೆ, ಪಿಳ್ಳೆ ಬೇಕಾದರೆ ಮಾತ್ರ ಹುಂಜ ಬೇಕು. ಈ ಹುಂಜದ ಮೊಟ್ಟೆಗಳನ್ನು ಕಾವಿಗೆ ಇಡಬೇಡಿ, ಸಿಟ್ಟಿನ ಗುಣ ಮರಿಗಳಿಗೂ ಇಳಿಯಬಹುದು. ಬೇರೆ ಹುಂಜ ತಂದರೆ ಮೊದಲು ಮೂರು ವಾರ ಪ್ರತ್ಯೇಕವಾಗಿಟ್ಟು ಕೊಕ್ಕರೆ ರೋಗದ (ಕೋಳಿಗಳಿಗೆ ಬರುವ ಅಂಟುರೋಗ) ಲಕ್ಷಣವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಈಗಿನ ಹುಂಜ ಹೋದ ಮೇಲೂ ಎರಡು ವಾರಕ್ಕೂ ಹೆಚ್ಚು ಕಾಲ ಹೇಟೆಗಳ ಮೈಯಲ್ಲಿ ಅದರ ವೀರ್ಯ ಉಳಿದಿರುತ್ತದೆ, ಆದ್ದರಿಂದ ಆ ಕಾಯುವಿಕೆ ಹೇಗೂ ಬೇಕು. ಮುಂದಿನ ಪಿಳ್ಳೆಗಳನ್ನು ತಾಯಿಯ ಬಳಿಯೇ ಬಿಡಿ. ಮಗಳು ಜಗಲಿಯಲ್ಲಿ ಕುಳಿತು ಅವುಗಳಿಗೆ ನುಚ್ಚು ಎರಚಲಿ, ಹೆಸರನ್ನೂ ಇಡಲಿ.

ಕೈಲ್‌ಪೊಳ್ದ್ ಕಳೆದ ಮೇಲೆ ಏನಾಯಿತೆಂದು ಬರೆಯಿರಿ. ಮಗಳ ಗಾಯ ಮಾಗಿತೇ ಎಂಬುದನ್ನು ಮಾತ್ರ ಈ ವಾರವೇ ಒಂದು ಕಾರ್ಡಿನಲ್ಲಿ ತಿಳಿಸಿ.

ಸಂಪಾದಕ